ಓನಾಮಕ್ಕೆ ಕೊನೆಯ ಸರದಿ: ಕರ್ನಾಟಕದ ಶಾಲೆಗಳು ಮರಳಿ ತೆರೆದ ಕ್ರಮ (2020–2021)

2021ರ ಅಕ್ಟೋಬರ್ 25ರ ಸೋಮವಾರ ಕರ್ನಾಟಕದಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಕೊಠಡಿಗಳ ಬಾಗಿಲು ಸುಮಾರು ಹತ್ತೊಂಬತ್ತು ತಿಂಗಳ ತರುವಾಯ ತೆರೆಯಿತು. 2020ರ ಮಾರ್ಚ್ ತಿಂಗಳಲ್ಲಿ ಒಂದನೆಯ ತರಗತಿಯಿಂದ ಮನೆಗೆ ಹೋದ ಮಗು ಅಂದು ಮೂರನೆಯ ತರಗತಿಯಲ್ಲಿ ಬಂದು ಕುಳಿತಿತು. ಎರಡನೆಯ ತರಗತಿಯ ಕೊಠಡಿಯನ್ನು ಅದು ನೋಡಿಯೇ ಇರಲಿಲ್ಲ. 2020ರಲ್ಲಿ ಶಾಲೆಗೆ ಹೆಸರು ಹಚ್ಚಿದ ಮಗುವಂತೂ ಎರಡನೆಯ ತರಗತಿಯ ವಿದ್ಯಾರ್ಥಿಯಾಗಿಯೇ ಮೊದಲ ಬಾರಿಗೆ ಶಾಲೆಯ ಹೊಸ್ತಿಲು ದಾಟಿತು. ಇವರಿಗಿಂತ ಕಿರಿಯರಾದ ಅಂಗನವಾಡಿ ಹಾಗೂ ಶಿಶುವರ್ಗದ ಮಕ್ಕಳು ನವೆಂಬರ್ 8ರವರೆಗೆ ಕಾಯಬೇಕಾಯಿತು.

ಕೊರೋನಾ ಕಾಲದ ಶಾಲೆಗಳ ಕುರಿತ ಚರ್ಚೆ ಬಹುಮಟ್ಟಿಗೆ ‘ತೆರೆಯಬೇಕೆ, ಬೇಡವೆ’ ಎಂಬ ಒಂದೇ ಪ್ರಶ್ನೆಯ ಸುತ್ತ ನಡೆಯಿತು. ಇತಿಹಾಸದ ದೃಷ್ಟಿಯಿಂದ ಅದಕ್ಕಿಂತ ಹೆಚ್ಚು ಅರ್ಥಪೂರ್ಣವಾದ ಪ್ರಶ್ನೆ ಇನ್ನೊಂದಿದೆ: ಯಾರಿಗೆ ಮೊದಲು ತೆರೆಯಲಾಯಿತು, ಯಾರಿಗೆ ಕೊನೆಗೆ? ಸಂಕಟಕಾಲದಲ್ಲಿ ಒಂದು ಸಮಾಜ ಯಾವ ಕೆಲಸವನ್ನು ಮೊದಲು ಕೈಗೆತ್ತಿಕೊಳ್ಳುತ್ತದೆ ಎಂಬುದನ್ನು ಗಮನಿಸಿದರೆ, ಅದು ಶಾಲೆಯೆಂದರೆ ಏನೆಂದು ತಿಳಿದಿದೆ ಎಂಬುದೂ ತಿಳಿಯುತ್ತದೆ.

ಘಟನೆಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡುವುದು ಮೊದಲ ಕೆಲಸ. 2020ರ ಮಾರ್ಚ್ ಎರಡನೆಯ ವಾರದಲ್ಲಿ ಬೆಂಗಳೂರಿನ ಶಿಶುವರ್ಗಗಳಿಗೂ ಅದರ ಬೆನ್ನಲ್ಲೇ ಕಿರಿಯ ತರಗತಿಗಳಿಗೂ ರಜೆ ಸಾರಲಾಯಿತು. ಕೆಲವೇ ದಿನಗಳಲ್ಲಿ ರಾಜ್ಯದ ಎಲ್ಲ ಶಾಲೆಗಳು ಮುಚ್ಚಿದವು. ಮಾರ್ಚ್ 27ರಂದು ಆರಂಭವಾಗಬೇಕಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಂದಕ್ಕೆ ಹೋಯಿತು. ಆದರೆ ಬಹಳ ಮುಂದಕ್ಕೆ ಹೋಗಲಿಲ್ಲ. ದ್ವಿತೀಯ ಪಿ.ಯು.ಸಿ.ಯಲ್ಲಿ ಉಳಿದಿದ್ದ ಇಂಗ್ಲಿಷ್ ಪತ್ರಿಕೆಯ ಪರೀಕ್ಷೆ ಜೂನ್ 18ರಂದು ನಡೆಯಿತು. ಜೂನ್ 25ರಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆ ನಡೆದಾಗ ನೋಂದಾಯಿತ ವಿದ್ಯಾರ್ಥಿಗಳು ಎಂಟು ಲಕ್ಷಕ್ಕೂ ಹೆಚ್ಚು. ಪಾಠಕ್ಕೆ ಮುಚ್ಚಿದ್ದ ಕಟ್ಟಡಗಳು ಪರೀಕ್ಷೆಗೆ ತೆರೆದವು. ಜ್ವರ ಅಳೆಯುವ ಉಪಕರಣ, ಮುಖಗವಸು, ದೂರ ದೂರ ಇರಿಸಿದ ಬೆಂಚುಗಳು, ಸೋಂಕಿತರಿಗೆ ಬೇರೆ ವ್ಯವಸ್ಥೆ, ಎಲ್ಲವನ್ನೂ ಶಿಕ್ಷಣ ಇಲಾಖೆ ಶ್ರಮವಹಿಸಿ ಹೊಂದಿಸಿತು. ಮಾಡಬೇಕೆಂದು ನಿಶ್ಚಯಿಸಿದರೆ ಮಕ್ಕಳನ್ನು ಒಂದೆಡೆ ಸೇರಿಸುವ ಕ್ರಮಬದ್ಧ ವಿಧಾನ ಸಾಧ್ಯವಿದೆ ಎಂಬುದು ಆ ಜೂನ್ ತಿಂಗಳಲ್ಲಿಯೇ ಸಿದ್ಧವಾಗಿತ್ತು.

ಅದೇ ತಿಂಗಳು ಸರ್ಕಾರ ಕಿರಿಯ ತರಗತಿಗಳ ಆನ್‌ಲೈನ್ ಪಾಠವನ್ನು ನಿಷೇಧಿಸಿತು. ಎಳೆಯ ಮಕ್ಕಳು ಗಂಟೆಗಟ್ಟಲೆ ಪರದೆಯ ಮುಂದೆ ಕೂರುವುದು ಹಿತವಲ್ಲ ಎಂಬ ಕಾರಣದಲ್ಲಿ ಹುರುಳಿತ್ತು. ಜುಲೈ 8ರಂದು ಹೈಕೋರ್ಟು ಆ ಆದೇಶಕ್ಕೆ ತಡೆ ನೀಡಿತು. ವ್ಯಾಜ್ಯದ ಪರಿಣಾಮ ಏನೇ ಆಗಿದ್ದರೂ ಸರ್ಕಾರಿ ಶಾಲೆಯ ಮಗುವಿನ ಪಾಲಿಗೆ ಅದು ದೂರದ ಸಂಗತಿ. ಮನೆಯಲ್ಲಿ ಇದ್ದ ಒಂದು ಸ್ಮಾರ್ಟ್‌ಫೋನು ತಂದೆಯೊಡನೆ ಕೆಲಸಕ್ಕೆ ಹೋಗುತ್ತಿತ್ತು, ಅಥವಾ ಮನೆಯಲ್ಲಿ ಅದು ಇರಲೇ ಇಲ್ಲ. ಚಂದನ ವಾಹಿನಿಯಲ್ಲಿ ಜುಲೈ ತಿಂಗಳಲ್ಲಿ ಆರಂಭವಾದ ಪಾಠಗಳೂ ಪ್ರೌಢಶಾಲೆಯ ವಿದ್ಯಾರ್ಥಿಗಳನ್ನೇ ಮೊದಲು ಉದ್ದೇಶಿಸಿದ್ದವು.

ಈ ಕಥನದಲ್ಲಿ ಒಂದು ಭಿನ್ನವಾದ ಅಧ್ಯಾಯವಿದೆ. ಅದು 2020ರ ಆಗಸ್ಟ್ ತಿಂಗಳಲ್ಲಿ ಆರಂಭವಾದ ‘ವಿದ್ಯಾಗಮ’. ಹೆಸರೇ ಅದರ ಆಶಯವನ್ನು ಹೇಳುತ್ತದೆ: ವಿದ್ಯೆಯ ಆಗಮನ. ಮಗು ವಿದ್ಯೆಯಿದ್ದಲ್ಲಿಗೆ ಹೋಗುವುದಲ್ಲ, ವಿದ್ಯೆಯೇ ಮಗುವಿದ್ದಲ್ಲಿಗೆ ಬರುವುದು. ಸ್ಮಾರ್ಟ್‌ಫೋನು ಇರುವವರು, ಸಾಧಾರಣ ಫೋನು ಮಾತ್ರ ಇರುವವರು, ಏನೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿ ಪ್ರತಿಯೊಂದು ಗುಂಪನ್ನೂ ಒಂದು ಕಾಲ್ಪನಿಕ ತರಗತಿಯೆಂದು ಭಾವಿಸಲಾಯಿತು. ಏನೂ ಇಲ್ಲದವರನ್ನು ಶಿಕ್ಷಕರೇ ಊರ ದೇವಸ್ಥಾನದ ಪ್ರಾಂಗಣದಲ್ಲಿ, ಸಮುದಾಯ ಭವನದಲ್ಲಿ, ಮರದ ನೆರಳಿನಲ್ಲಿ, ಮನೆಯ ಜಗಲಿಯಲ್ಲಿ ಸಣ್ಣ ಸಣ್ಣ ಗುಂಪುಗಳಾಗಿ ಕೂರಿಸಿ ಕಲಿಸಿದರು. ಒಂದನೆಯ ತರಗತಿಯ ಮಕ್ಕಳೂ ಈ ಯೋಜನೆಯ ಒಳಗಿದ್ದರು.

ಕನ್ನಡ ನಾಡಿನ ಶಿಕ್ಷಣದ ಇತಿಹಾಸವನ್ನು ಬಲ್ಲವರಿಗೆ ಈ ದೃಶ್ಯ ಅಪರಿಚಿತವಲ್ಲ. 1868ರಲ್ಲಿ ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ರೂಪಿಸುವುದಕ್ಕೆ ಮೊದಲೂ ಅನಂತರ ಬಹುಕಾಲವೂ ಹಳ್ಳಿಯ ಮಕ್ಕಳು ಅಕ್ಷರ ಕಲಿತದ್ದು ಕೂಲಿಮಠಗಳಲ್ಲಿ. ಅವುಗಳಿಗೆ ಸ್ವಂತ ಕಟ್ಟಡವೆಂಬುದು ಅಪರೂಪ. ಗುಡಿಯ ಕೈಸಾಲೆಯೋ ಯಾರದೋ ಮನೆಯ ಪಡಸಾಲೆಯೋ ಸಾಕಾಗುತ್ತಿತ್ತು. ಐಗಳು ಮಗುವಿನ ಬೆರಳು ಹಿಡಿದು ಮರಳಿನ ಮೇಲೆ ತಿದ್ದಿಸಿದ ಓನಾಮವೇ ವಿದ್ಯೆಯ ಮೊದಲ ಮೆಟ್ಟಿಲು. ಬೆರಳು ಹಿಡಿಯುವ ಕೈ ಹತ್ತಿರದಲ್ಲಿ ಇರಬೇಕು ಎಂಬುದು ಆ ಪದ್ಧತಿಯ ಮೂಲತತ್ತ್ವ. ಅಕ್ಷರ ಬಲ್ಲ ಹದಿನೈದರ ಹರೆಯದವನು ಪುಸ್ತಕ ತೆರೆದು ತಾನೇ ಅಷ್ಟಿಷ್ಟು ಓದಿಕೊಂಡಾನು. ಅಕ್ಷರವನ್ನೇ ಅರಿಯದ ಆರರ ಮಗುವಿಗೆ ಪುಸ್ತಕ ಕೊಟ್ಟರೂ ಅದು ಮುಚ್ಚಿದ ಬಾಗಿಲೇ. ವಿದ್ಯಾಗಮವು ತಿಳಿದೋ ತಿಳಿಯದೆಯೋ ಈ ಹಳೆಯ ಅರಿವನ್ನು ಮುಟ್ಟಿತ್ತು. ಆದರೆ ಅದು ಎರಡು ತಿಂಗಳಿಗಿಂತ ಹೆಚ್ಚು ಬಾಳಲಿಲ್ಲ. ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗುಲಿದ ಹಾಗೂ ಶಿಕ್ಷಕರು ಮೃತಪಟ್ಟ ವರದಿಗಳು ಬಂದವು, ಪೋಷಕರಲ್ಲಿ ಭೀತಿ ಹಬ್ಬಿತು. ಅಕ್ಟೋಬರ್ 10ರಂದು ಯೋಜನೆಯನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಲಾಯಿತು.

ಮುಂದಿನ ತೆರವು 2021ರ ಜನವರಿ 1ರಂದು. ಅಂದು ಶಾಲೆಗೆ ಬಂದವರು ಹತ್ತನೆಯ ತರಗತಿ ಮತ್ತು ದ್ವಿತೀಯ ಪಿ.ಯು.ಸಿ.ಯವರು, ಅಂದರೆ ಆ ವರ್ಷ ಸಾರ್ವಜನಿಕ ಪರೀಕ್ಷೆ ಬರೆಯಬೇಕಾದವರು. ಆರರಿಂದ ಒಂಬತ್ತನೆಯ ತರಗತಿಯವರಿಗೆ ಶಾಲೆಯ ಆವರಣದಲ್ಲೇ ವಿದ್ಯಾಗಮ ಮರಳಿತು. ಫೆಬ್ರವರಿಯಲ್ಲಿ ಒಂಬತ್ತನೆಯ ತರಗತಿ ಮತ್ತು ಪ್ರಥಮ ಪಿ.ಯು.ಸಿ., ಬಳಿಕ ಆರರಿಂದ ಎಂಟು. ಆರನೆಯ ತರಗತಿಯ ಕೆಳಗೆ ಇಳಿಯುವುದರೊಳಗೆ ಎರಡನೆಯ ಅಲೆ ಬಂತು, ಎಲ್ಲವೂ ಮತ್ತೆ ಮುಚ್ಚಿತು. ಆ ವರ್ಷ ದ್ವಿತೀಯ ಪಿ.ಯು.ಸಿ. ಪರೀಕ್ಷೆ ರದ್ದಾಯಿತು. ಎಸ್.ಎಸ್.ಎಲ್.ಸಿ. ಮಾತ್ರ ಜುಲೈ 19 ಮತ್ತು 22ರಂದು, ಬಹು ಆಯ್ಕೆಯ ಪ್ರಶ್ನೆಗಳ ಎರಡು ದಿನಗಳ ಪರೀಕ್ಷೆಯಾಗಿ ನಡೆದೇ ತೀರಿತು. ಅನಂತರದ್ದು ಮತ್ತದೇ ಕ್ರಮ: ಆಗಸ್ಟ್ 23ರಿಂದ ಒಂಬತ್ತರಿಂದ ಹನ್ನೆರಡು, ಸೆಪ್ಟೆಂಬರ್ 6ರಿಂದ ಆರರಿಂದ ಎಂಟು, ಅಕ್ಟೋಬರ್ 25ರಿಂದ ಒಂದರಿಂದ ಐದು, ನವೆಂಬರ್ 8ರಿಂದ ಶಿಶುವರ್ಗ. ಹೀಗೆ ಮೊದಲು ಮುಚ್ಚಿದವರಿಗೆ ಕೊನೆಗೆ ತೆರೆಯಿತು.

ಈ ಕ್ರಮಕ್ಕೆ ಸಮರ್ಥನೆಗಳು ಇರಲಿಲ್ಲವೆಂದಲ್ಲ. ದೊಡ್ಡ ಮಕ್ಕಳು ಮುಖಗವಸು ಧರಿಸುತ್ತಾರೆ, ಅಂತರ ಕಾಯುತ್ತಾರೆ. ಚಿಕ್ಕವರಿಗೆ ಅದು ಅಸಾಧ್ಯ ಎಂಬುದು ಒಂದು. ಮೂರನೆಯ ಅಲೆ ಮಕ್ಕಳನ್ನೇ ಹೆಚ್ಚಾಗಿ ಬಾಧಿಸಬಹುದೆಂಬ ಆತಂಕ ಮತ್ತೊಂದು. ಎರಡನೆಯ ಅಲೆಯಲ್ಲಿ ಆಸ್ಪತ್ರೆಯ ಹಾಸಿಗೆಗಾಗಿ ಅಲೆದಾಡಿದ ಕುಟುಂಬಗಳಿಗೆ ಈ ಆತಂಕ ಪೊಳ್ಳಾಗಿ ಕಾಣಲು ಸಾಧ್ಯವಿರಲಿಲ್ಲ. ಆದರೆ ಆಗಲೇ ಇದಕ್ಕೆ ವಿರುದ್ಧವಾದ ವೈದ್ಯಕೀಯ ಅಭಿಪ್ರಾಯವೂ ಸಾರ್ವಜನಿಕವಾಗಿತ್ತು. ಮೂರನೆಯ ಅಲೆಯ ಸಿದ್ಧತೆಗಾಗಿ ರಾಜ್ಯ ಸರ್ಕಾರವೇ ನೇಮಿಸಿದ್ದ, ಡಾ. ದೇವಿ ಶೆಟ್ಟಿ ಅವರ ನೇತೃತ್ವದ ತಜ್ಞರ ಸಮಿತಿ 2021ರ ಜೂನ್ ತಿಂಗಳ ಮಧ್ಯಂತರ ವರದಿಯಲ್ಲಿ ಶಾಲೆಗಳನ್ನು ತೆರೆಯುವ ಸಲಹೆಯಿತ್ತಿತು. ಜುಲೈ 20ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕ ಡಾ. ಬಲರಾಮ್ ಭಾರ್ಗವ ಅವರು ಎಳೆಯ ಮಕ್ಕಳ ದೇಹ ಈ ವೈರಾಣುವನ್ನು ಹೆಚ್ಚು ಸಮರ್ಥವಾಗಿ ಎದುರಿಸುತ್ತದೆಂದೂ, ಶಿಕ್ಷಕರಿಗೂ ಸಿಬ್ಬಂದಿಗೂ ಲಸಿಕೆ ಹಾಕಿಸಿದ ಮೇಲೆ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ವಿವೇಕವೆಂದೂ ಹೇಳಿದರು. ಲಸಿಕೆಯ ಆಧಾರದ ಮೇಲೆ ದೊಡ್ಡವರಿಗೆ ಆದ್ಯತೆ ಸಿಕ್ಕಿತೆನ್ನಲೂ ಬರುವುದಿಲ್ಲ. ಹದಿನೈದು ವರ್ಷ ಮೇಲ್ಪಟ್ಟ ಮಕ್ಕಳಿಗೆ ದೇಶದಲ್ಲಿ ಲಸಿಕೆ ಆರಂಭವಾದದ್ದು 2022ರ ಜನವರಿ 3ರಂದು.

ಬೇರೆ ಕ್ರಮವನ್ನು ಆರಿಸಿಕೊಂಡ ನಿದರ್ಶನಗಳು ಆಗಲೇ ಇದ್ದವು. ಡೆನ್ಮಾರ್ಕ್ 2020ರ ಏಪ್ರಿಲ್ 15ರಂದು, ಮೊದಲ ಅಲೆಯ ನಡುವೆಯೇ, ಶಿಶುವಿಹಾರಗಳನ್ನೂ ಐದನೆಯ ತರಗತಿಯವರೆಗಿನ ಶಾಲೆಗಳನ್ನೂ ಮೊದಲು ತೆರೆಯಿತು. ಹಿರಿಯ ವಿದ್ಯಾರ್ಥಿಗಳು ಕಾದರು. ಇನ್ನೂ ಹಿಂದಕ್ಕೆ ಹೋದರೆ, 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಅಮೆರಿಕದ ಬಹುಪಾಲು ನಗರಗಳು ಶಾಲೆಗಳನ್ನು ಮುಚ್ಚಿದಾಗ ನ್ಯೂಯಾರ್ಕ್ ತೆರೆದೇ ಇಟ್ಟಿತು. ಅಲ್ಲಿನ ಆರೋಗ್ಯಾಧಿಕಾರಿ ರಾಯಲ್ ಕೋಪ್‌ಲ್ಯಾಂಡ್ ಅವರ ತರ್ಕ ಸರಳವಾಗಿತ್ತು. ನಗರದ ಸುಮಾರು ಹತ್ತು ಲಕ್ಷ ಮಕ್ಕಳಲ್ಲಿ ಹೆಚ್ಚಿನವರು ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ಬಾಡಿಗೆ ವಠಾರಗಳಲ್ಲಿ ಬದುಕುತ್ತಿದ್ದರು. ಅವರಿಗೆ ಮನೆಗಿಂತ ಶಾಲೆಯೇ ಸ್ವಚ್ಛ, ಅಲ್ಲಿ ಪ್ರತಿದಿನ ಪರೀಕ್ಷಿಸುವ ವೈದ್ಯರೂ ದಾದಿಯರೂ ಇದ್ದರು. ಆ ಏರ್ಪಾಟನ್ನು ಹಿಂದಿನ ಹತ್ತು ವರ್ಷಗಳಲ್ಲಿ ಕಟ್ಟಿ ನಿಲ್ಲಿಸಿದವರು ಶಿಶು ಆರೋಗ್ಯ ವಿಭಾಗದ ಡಾ. ಜೋಸೆಫೀನ್ ಬೇಕರ್. 1918ರ ರೋಗವೂ 2020ರ ರೋಗವೂ ಒಂದೇ ಅಲ್ಲ, ನ್ಯೂಯಾರ್ಕಿನ ಏರ್ಪಾಟು ನಮ್ಮ ಹಳ್ಳಿಗಳಲ್ಲಿ ಇರಲೂ ಇಲ್ಲ. ಆದರೂ ಆ ನಿರ್ಧಾರದ ಹಿಂದಿನ ಪ್ರಶ್ನೆ ಗಮನಾರ್ಹ: ಶಾಲೆ ಇಲ್ಲದಿದ್ದರೆ ಹೆಚ್ಚು ಕಳೆದುಕೊಳ್ಳುವ ಮಗು ಯಾವುದು?

ಕರ್ನಾಟಕದಲ್ಲಿ ಮೊದಲು ಕೇಳಿದ ಪ್ರಶ್ನೆ ಬೇರೆ: ಯಾವ ಮಗು ಪರೀಕ್ಷೆ ಬರೆಯಬೇಕಾಗಿದೆ? ಇಲ್ಲಿ ಕಾನೂನಿನ ಒಂದು ವಿಪರ್ಯಾಸ ಅಡಗಿದೆ. ಸಂವಿಧಾನದ 21ಎ ವಿಧಿಯೂ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯೂ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿ ನೀಡುತ್ತವೆ. ಅಂದರೆ ಒಂದರಿಂದ ಎಂಟನೆಯ ತರಗತಿಯವರು ಹಕ್ಕುಳ್ಳವರು. ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯವರಿಗೆ ಆ ಕಾಯ್ದೆಯ ರಕ್ಷಣೆಯಿಲ್ಲ. ಹಾಗಿದ್ದೂ ಹಕ್ಕಿನ ಹೊರಗಿದ್ದವರಿಗೆ ಬಾಗಿಲು ಮೊದಲು ತೆರೆಯಿತು, ಹಕ್ಕುಳ್ಳವರು ಹೊರಗೆ ಉಳಿದರು. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಗುವನ್ನು ಸಾರ್ವಜನಿಕ ಪರೀಕ್ಷೆಯ ಭಯದಿಂದ ಬಿಡಿಸುವುದು ಅದೇ ಕಾಯ್ದೆಯ ಸದಾಶಯ. ಪರೀಕ್ಷೆಯ ದಿನಾಂಕವಿರುವ ತರಗತಿಗೆ ಒಂದು ಗಡುವಿರುತ್ತದೆ, ಗಡುವಿಗೊಂದು ಸುತ್ತೋಲೆ, ಸುತ್ತೋಲೆಗೊಬ್ಬ ಹೊಣೆಗಾರ ಇರುತ್ತಾರೆ. ಕ, ಖ, ಗ ಕಲಿಯಬೇಕಾದ ಮಗುವಿಗೆ ಅಂಥ ಗಡುವಿರಲಿಲ್ಲ. ಪರೀಕ್ಷೆಯಿಲ್ಲದೆ ತೇರ್ಗಡೆಯಾಗುವ ಮಗುವಿನ ನಷ್ಟ ಯಾವ ದಾಖಲೆಯಲ್ಲೂ ಕಾಣಿಸಲಿಲ್ಲ.

ಆ ನಷ್ಟವನ್ನು ಅಳೆದವರು ಹೊರಗಿನವರು. ಅಜೀಂ ಪ್ರೇಮ್‌ಜಿ ಫೌಂಡೇಶನ್ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 44 ಜಿಲ್ಲೆಗಳಲ್ಲಿ, 16 ಸಾವಿರಕ್ಕೂ ಮಿಕ್ಕ ಮಕ್ಕಳ ಕಲಿಕೆಯನ್ನು ಪರಿಶೀಲಿಸಿತು. ಹಿಂದಿನ ವರ್ಷ ತಮಗಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡವರು ಶೇ. 92, ಗಣಿತದಲ್ಲಿ ಶೇ. 82. ಹೊಸದನ್ನು ಕಲಿಯದಿರುವುದು ಒಂದು ನಷ್ಟ, ಕಲಿತದ್ದನ್ನು ಮರೆಯುವುದು ಇನ್ನೊಂದು. ಇಲ್ಲಿ ಎರಡೂ ಕೂಡಿದ್ದವು. ದೇಶದ ಗ್ರಾಮೀಣ ಭಾಗದಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳ ಪ್ರಮಾಣ 2018ರಲ್ಲಿ ಶೇ. 27.3 ಇದ್ದದ್ದು 2022ರಲ್ಲಿ ಶೇ. 20.5ಕ್ಕೆ ಇಳಿಯಿತೆಂದು ‘ಅಸರ್’ ಸಮೀಕ್ಷೆ ದಾಖಲಿಸಿತು. ಬಿಸಿಯೂಟವೂ ಇದೇ ಲೆಕ್ಕಕ್ಕೆ ಸೇರಬೇಕು. ಶಾಲೆ ಮುಚ್ಚಿದ್ದಾಗ ಅದರ ಬದಲು ಮನೆಗೆ ಧಾನ್ಯ ಹಂಚಲಾಯಿತು. ಮನೆಯಲ್ಲಿ ಅದು ಎಲ್ಲರ ಪಾಲಾಯಿತೇ ಹೊರತು ಮಗುವಿನ ತಟ್ಟೆಯ ಮಧ್ಯಾಹ್ನದ ಊಟವಾಗಿ ಉಳಿಯಲಿಲ್ಲ.

ಸರ್ಕಾರ ಈ ನಷ್ಟವನ್ನು ಗುರುತಿಸಲಿಲ್ಲವೆನ್ನುವುದು ಅನ್ಯಾಯ. 2022–23ನೆಯ ಸಾಲಿನ ಶಾಲೆಗಳು ಎರಡು ವಾರ ಮುಂಚಿತವಾಗಿ, ಮೇ 16ರಂದು ಆರಂಭವಾದವು. ಮೊದಲ ದಿನಗಳನ್ನು ಆಟ ಹಾಡುಗಳ ‘ಮಳೆಬಿಲ್ಲು’ ಕಾರ್ಯಕ್ರಮಕ್ಕೆ ಮೀಸಲಿಟ್ಟು, ಇಡೀ ವರ್ಷವನ್ನು ‘ಕಲಿಕಾ ಚೇತರಿಕೆ’ ಎಂದು ಕರೆಯಲಾಯಿತು. ರೋಗದಿಂದ ಎದ್ದವರಿಗೆ ಸಲ್ಲುವ ‘ಚೇತರಿಕೆ’ ಎಂಬ ಪದವನ್ನು ಕಲಿಕೆಗೆ ಅನ್ವಯಿಸಿದ್ದು ಪ್ರಾಮಾಣಿಕವಾದ ಒಪ್ಪಿಗೆಯೇ ಸರಿ. ಆದರೆ ಅದೇ ಸಾಲಿನ ಕೊನೆಯಲ್ಲಿ, ನ್ಯಾಯಾಲಯದ ವ್ಯಾಜ್ಯದ ನಡುವೆ, 2023ರ ಮಾರ್ಚ್ 27ರಿಂದ ಐದನೆಯ ಮತ್ತು ಎಂಟನೆಯ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ಪರೀಕ್ಷೆ ನಡೆಯಿತು. ಅಂದು ಐದನೆಯ ತರಗತಿಯ ಪರೀಕ್ಷೆಗೆ ಕುಳಿತವರು ಶಾಲೆಗಳು ಮುಚ್ಚಿದಾಗ ಎರಡನೆಯ ತರಗತಿಯಲ್ಲಿದ್ದವರು. ಅವರ ಮೂರನೆಯ ತರಗತಿ ಎರಡು ತಿಂಗಳ ವಿದ್ಯಾಗಮದಲ್ಲಿ ಕಳೆದಿತ್ತು, ನಾಲ್ಕನೆಯದು ಅರ್ಧ ವರ್ಷವಷ್ಟೇ ಸಿಕ್ಕಿತ್ತು. ಕಿರಿಯ ಮಕ್ಕಳು ಮತ್ತೆ ಆಡಳಿತದ ಕಣ್ಣಿಗೆ ಬಿದ್ದದ್ದು ಅವರಿಗೂ ಒಂದು ಪರೀಕ್ಷೆಯ ದಿನಾಂಕ ಗೊತ್ತಾದ ಮೇಲೆಯೇ.

ಈ ಕಾಲದ ಇತಿಹಾಸವನ್ನು ಬರೆಯುವವರಿಗೆ ಆಕರಗಳ ಕೊರತೆಯಿಲ್ಲ. ಇಲಾಖೆಯ ಸುತ್ತೋಲೆಗಳು, ನ್ಯಾಯಾಲಯದ ಆದೇಶಗಳು, ತಜ್ಞರ ವರದಿಗಳು ಹೇರಳವಾಗಿವೆ. ಆದರೆ ಅವೆಲ್ಲ ಹೆಚ್ಚಾಗಿ ದೊಡ್ಡ ತರಗತಿಗಳ ಮಾತನ್ನೇ ಆಡುತ್ತವೆ. ಕಿರಿಯರ ಕಥೆಯನ್ನು ಶಾಲೆಗಳ ಹಾಜರಿ ಪುಸ್ತಕಗಳಲ್ಲಿ, ವಿದ್ಯಾಗಮಕ್ಕಾಗಿ ಊರೂರು ತಿರುಗಿದ ಶಿಕ್ಷಕರ ದಿನಚರಿಗಳಲ್ಲಿ, ಆ ವರ್ಷಗಳ ಮಕ್ಕಳ ಕಾಪಿಪುಸ್ತಕಗಳಲ್ಲಿ ಹುಡುಕಬೇಕಾಗುತ್ತದೆ. ಅವುಗಳನ್ನು ಸಂಗ್ರಹಿಸಲು ಇರುವ ಕಾಲ ದೀರ್ಘವಾದದ್ದಲ್ಲ. ಶಾಲೆಗಳು ಮುಚ್ಚಿದ ವರ್ಷ ಒಂದನೆಯ ತರಗತಿಯಲ್ಲಿದ್ದ ಮಕ್ಕಳು ವಾಡಿಕೆಯ ಲೆಕ್ಕದಂತೆ 2029ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆಯುತ್ತಾರೆ. ಆ ವರ್ಷದ ಫಲಿತಾಂಶದ ಪಟ್ಟಿಯನ್ನು ಓದುವವರು ಅದರ ಪಕ್ಕದಲ್ಲಿ 2021ರ ಅಕ್ಟೋಬರ್ ತಿಂಗಳ ಹಾಜರಿ ಪುಸ್ತಕವನ್ನೂ ತೆರೆದಿಟ್ಟುಕೊಳ್ಳಬೇಕಾಗುತ್ತದೆ.