ಈಜುವಿದ್ಯೆಯೂ ಪ್ರಾಣರಕ್ಷಣೆಯೂ

ನೀರಿಲ್ಲದೆ ಜನವಸತಿಯಿಲ್ಲ. ಊರುಗಳು ಹುಟ್ಟಿದುದು ಹೊಳೆಯ ದಡದಲ್ಲಿ. ಬೆಳೆದುದು ಕೆರೆಯ ಆಶ್ರಯದಲ್ಲಿ. ಆದರೆ ಮನುಷ್ಯನು ನೀರಿನ ಸಮೀಪದಲ್ಲಿ ಮನೆಯನ್ನು ಕಟ್ಟಿದ ದಿನದಿಂದಲೇ ಆ ನೀರಿನಿಂದ ಒದಗುವ ಅಪಾಯವೂ ಅವನ ಹೊಸ್ತಿಲ ಬಳಿಗೆ ಬಂದು ನಿಂತಿತು. ಸಿಡುಬು, ಪ್ಲೇಗು ಮೊದಲಾದ ರೋಗಗಳಂತೆ ಈ ಮೃತ್ಯುವು ಊರನ್ನೆಲ್ಲ ಒಂದೇ ಸಲ ನಡುಗಿಸುವುದಿಲ್ಲ. ಇಂದು ಈ ಮನೆಯಲ್ಲಿ ಒಂದು ಮಗು, ಮುಂದಿನ ಮಳೆಗಾಲದಲ್ಲಿ ಆ ಕೇರಿಯ ಒಬ್ಬ ಹುಡುಗ, ಹೀಗೆ ಒಬ್ಬೊಬ್ಬರನ್ನೇ ಕರೆದೊಯ್ಯುವುದರಿಂದ ಜನರು ಇದನ್ನು ವಿಧಿಯೆಂದು ಕರೆದು ಸುಮ್ಮನಾದರು. ಲೆಕ್ಕವನ್ನು ಕೂಡಿಸಿ ನೋಡಿದರೆ ಮಾತ್ರ ಅದರ ಭಯಂಕರತೆಯು ಗೋಚರವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೪ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ೨೦೨೧ನೆಯ ಇಸವಿಯೊಂದರಲ್ಲಿಯೇ ಜಗತ್ತಿನಲ್ಲಿ ಸುಮಾರು ೩,೦೦,೦೦೦ ಜನರು ನೀರಿನಲ್ಲಿ ಮುಳುಗಿ ಮೃತರಾದರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗದವರು ಐದು ವರ್ಷ ತುಂಬದ ಶಿಶುಗಳು.

ಇಂತಹ ಮೃತ್ಯುವನ್ನು ವಿದ್ಯೆಯಿಂದ ತಡೆಯಬಹುದೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಮನುಷ್ಯನು ನಡೆದ ದಾರಿಯು ನಾನೂರು ವರ್ಷಗಳಿಗಿಂತಲೂ ದೀರ್ಘವಾದುದು. ಮೊದಲು ಅವನು ನೀರನ್ನೇ ನಿಷೇಧಿಸಿದನು; ಅನಂತರ ಮುಳುಗಿದವರನ್ನು ಬದುಕಿಸಲು ಯತ್ನಿಸಿದನು; ಮುಳುಗದಂತೆ ಕಲಿಸಬೇಕೆಂಬ ಬುದ್ಧಿಯು ಬೇರೂರಿದುದು ಎಲ್ಲಕ್ಕೂ ಕಡೆಯಲ್ಲಿ.

ನಿಷೇಧದ ಕಾಲಕ್ಕೆ ಇಂಗ್ಲೆಂಡಿನ ಕೇಂಬ್ರಿಜ್ ವಿದ್ಯಾಪೀಠವು ಒಳ್ಳೆಯ ನಿದರ್ಶನವಾಗಿದೆ. ೧೫೭೧ರಲ್ಲಿ ಅಲ್ಲಿನ ಅಧಿಕಾರಿಗಳು ವಿದ್ಯಾರ್ಥಿಗಳಾರೂ ಹೊಳೆಯಲ್ಲಾಗಲಿ ಕೊಳದಲ್ಲಾಗಲಿ ಈಜಕೂಡದೆಂದು ಕಟ್ಟಪ್ಪಣೆಯನ್ನು ಹೊರಡಿಸಿದರು. ತಪ್ಪಿ ನಡೆದವನಿಗೆ ಛಡಿಯ ಏಟು. ಎರಡನೆಯ ಸಲಕ್ಕೆ ವಿದ್ಯಾಪೀಠದಿಂದಲೇ ಉಚ್ಚಾಟನೆ. ಇದಾದ ಹದಿನಾರು ವರ್ಷಗಳಿಗೆ, ಅದೇ ಕೇಂಬ್ರಿಜ್ಜಿನ ಸೇಂಟ್ ಜಾನ್ಸ್ ಕಾಲೇಜಿಗೆ ಸೇರಿದ ಎವರರ್ಡ್ ಡಿಗ್ಬಿ ಎಂಬ ಪಂಡಿತನು ಈಜುವ ಕಲೆಯನ್ನು ಕುರಿತು ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಬರೆದನು. ೧೫೮೭ರಲ್ಲಿ ಅಚ್ಚಾದ ಆ ಗ್ರಂಥದಲ್ಲಿ ನೀರಿಗೆ ಇಳಿಯುವ ಬಗೆ, ಹೊರಳುವ ಬಗೆ, ಬೆನ್ನಿನ ಮೇಲೆ ಮಲಗಿ ಈಜುವ ಬಗೆಗಳನ್ನೆಲ್ಲ ಮರದಚ್ಚಿನ ನಾಲ್ವತ್ತಕ್ಕೂ ಹೆಚ್ಚು ಚಿತ್ರಗಳೊಡನೆ ವಿವರಿಸಿದ್ದಾನೆ. ಅವನಿಗಿಂತಲೂ ಮೊದಲು, ೧೫೩೮ರಲ್ಲಿ, ನಿಕೋಲಾಸ್ ವಿನ್‌ಮನ್ ಎಂಬ ಜರ್ಮನ್ ಅಧ್ಯಾಪಕನು ಇದೇ ವಿಷಯದ ಮೇಲೆ ಒಂದು ಸಂವಾದವನ್ನು ರಚಿಸಿದ್ದನು. ಮುಳುಗಿ ಸಾಯುವ ಅಪಾಯವನ್ನು ತಗ್ಗಿಸುವುದೇ ಅದರ ಉದ್ದೇಶವಾಗಿದ್ದಿತು. ಆದರೆ ಲ್ಯಾಟಿನ್ ಬಲ್ಲವರಿಗೂ ಹೊಳೆಗೆ ಬೀಳುವವರಿಗೂ ಇದ್ದ ಸಂಬಂಧವು ಅಲ್ಪವೇ ಸರಿ.

ಡಿಗ್ಬಿಯ ಗ್ರಂಥವು ಇಂಗ್ಲಿಷಿಗೆ ಬಂದಿತು; ಅದನ್ನು ಆಧರಿಸಿ ಫ್ರಾನ್ಸಿನ ಥೆವೆನೋ ಎಂಬುವನು ಬರೆದ ಪುಸ್ತಕವು ೧೬೯೬ರಲ್ಲಿ ಪ್ರಕಟವಾಯಿತು. ಆ ಪುಸ್ತಕವನ್ನು ಓದಿ ಅಭ್ಯಾಸ ಮಾಡಿದವರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಒಬ್ಬನು. ಆತನು ಮಿತ್ರನೊಬ್ಬನಿಗೆ ಬರೆದ ಪತ್ರದಲ್ಲಿ ಸೂಚಿಸಿದ ಉಪಾಯವು ಸ್ವಾರಸ್ಯವಾಗಿದೆ. ತಿಳಿನೀರಿನಲ್ಲಿ ಎದೆಮಟ್ಟಕ್ಕೆ ಇಳಿದು, ದಡದ ಕಡೆಗೆ ಮುಖಮಾಡಿ ನಿಂತು, ತನಗೂ ದಡಕ್ಕೂ ನಡುವೆ ಒಂದು ಕೋಳಿಮೊಟ್ಟೆಯನ್ನು ಹಾಕಬೇಕು. ಬಳಿಕ ಕಣ್ಣು ತೆರೆದುಕೊಂಡು ಮುಳುಗಿ ಅದನ್ನು ಎತ್ತಲೆತ್ನಿಸಬೇಕು. ಆಗ ತಳವನ್ನು ಮುಟ್ಟುವುದೇ ಕಷ್ಟವೆಂದೂ, ನೀರು ಮೈಯನ್ನು ಮೇಲಕ್ಕೆ ನೂಕುತ್ತದೆಂದೂ ಕಲಿಯುವವನಿಗೆ ತಾನೇ ತಾನಾಗಿ ಅನುಭವಕ್ಕೆ ಬರುತ್ತದೆ. ಈಜುವಿದ್ಯೆಯ ಮೂಲತತ್ತ್ವವೆಲ್ಲ ಈ ಮೊಟ್ಟೆಯ ಪಾಠದಲ್ಲಿದೆ. ನೀರು ತನ್ನನ್ನು ಹೊರುತ್ತದೆಂಬ ನಂಬಿಕೆ ಹುಟ್ಟಿದವನು ಗಾಬರಿಗೊಳ್ಳುವುದಿಲ್ಲ. ಗಾಬರಿಗೊಳ್ಳದವನು ಅಷ್ಟು ಬೇಗ ಮುಳುಗುವುದಿಲ್ಲ.

ಎರಡನೆಯ ಹೆಜ್ಜೆಯು ಹಾಲೆಂಡಿನಲ್ಲಿ ಮೊದಲಾಯಿತು. ಊರತುಂಬ ಕಾಲುವೆಗಳುಳ್ಳ ಆಮ್‌ಸ್ಟರ್‌ಡಾಮ್ ಪಟ್ಟಣದಲ್ಲಿ ೧೭೬೭ರಲ್ಲಿ ಕೆಲವರು ಪರೋಪಕಾರಿಗಳು ಸೇರಿ, ಮುಳುಗಿದವರನ್ನು ಉಳಿಸುವುದಕ್ಕಾಗಿ ಒಂದು ಸಂಘವನ್ನು ಸ್ಥಾಪಿಸಿದರು. ನೀರಿನಿಂದ ಎತ್ತಿದ ದೇಹವು ಉಸಿರಾಡದಿದ್ದರೂ ಅದರಲ್ಲಿ ಪ್ರಾಣವು ಅಡಗಿರಬಹುದೆಂಬುದು ಆ ಸಂಘದ ಮುಖ್ಯ ಬೋಧೆ. ದೇಹವನ್ನು ಬೆಚ್ಚಗೆ ಮಾಡುವುದು, ಬಾಯಿಯಿಂದ ಬಾಯಿಗೆ ಉಸಿರನ್ನು ಊದುವುದು, ಇವುಗಳೊಡನೆ ಗುದದ್ವಾರದಿಂದ ಹೊಗೆಸೊಪ್ಪಿನ ಹೊಗೆಯನ್ನು ಹೊಗಿಸುವ ವಿಚಿತ್ರ ಚಿಕಿತ್ಸೆಯನ್ನೂ ಅವರು ವಿಧಿಸಿದ್ದರು. ಇವುಗಳಲ್ಲಿ ಹೊಗೆಯು ಕಾಲಕ್ರಮದಲ್ಲಿ ಮಾಯವಾಯಿತು. ಉಸಿರೂದುವ ಕ್ರಮವಾದರೋ ಬಹುಕಾಲ ಮೂಲೆಗೆ ಬಿದ್ದಿದ್ದು, ೧೯೫೦ರ ದಶಕದಲ್ಲಿ ವೈದ್ಯಶಾಸ್ತ್ರದ ಪ್ರಯೋಗಗಳಿಂದ ಸಿದ್ಧಪಟ್ಟು ಪುನಃ ಬಳಕೆಗೆ ಬಂದಿತು.

ಈ ಸಂಘದ ವರದಿಗಳನ್ನು ಓದಿದ ಲಂಡನ್ನಿನ ವೈದ್ಯರಾದ ವಿಲಿಯಂ ಹಾಸ್ ಮತ್ತು ಥಾಮಸ್ ಕೋಗನ್ ಎಂಬವರು ೧೭೭೪ರಲ್ಲಿ ಅಂತಹದೇ ಇನ್ನೊಂದು ಸಂಘವನ್ನು ಕಟ್ಟಿದರು. ಮುಂದೆ ರಾಯಲ್ ಹ್ಯೂಮೇನ್ ಸೊಸೈಟಿ ಎಂದು ಪ್ರಸಿದ್ಧವಾದುದು ಇದೇ. ಸತ್ತವನು ಬದುಕುವುದುಂಟೆ ಎಂದು ಜನರು ನಗುತ್ತಿದ್ದ ದಿನಗಳಲ್ಲಿ, ಥೇಮ್ಸ್ ನದಿಯಿಂದ ಮುಳುಗಿದವರನ್ನು ಕೂಡಲೇ ಎತ್ತಿ ತಂದವರಿಗೆ ಹಾಸನು ತನ್ನ ಕೈಯಿಂದಲೇ ಬಹುಮಾನವನ್ನು ಕೊಡುತ್ತಿದ್ದನು. ಈ ಮಹನೀಯರಿಂದ ಉಳಿದ ಪ್ರಾಣಗಳು ಹಲವು. ಆದರೂ ಇವರ ದಯೆಯು ಪ್ರಾರಂಭವಾಗುತ್ತಿದ್ದುದು ಅನಾಹುತವು ಸಂಭವಿಸಿದ ಮೇಲೆ. ದಡದಲ್ಲಿ ಜನರಿದ್ದು, ಅವರು ಕಂಡು, ಎತ್ತಿ ತಂದಲ್ಲಿ ಮಾತ್ರ ಇವರ ಚಿಕಿತ್ಸೆಗೆ ಎಡೆ. ಮುಳುಗುವವನಾದರೋ ಸಾಮಾನ್ಯವಾಗಿ ಕೂಗಲಾರನು. ಉಸಿರಿಗೇ ಬಿಡುವಿಲ್ಲದವನಿಗೆ ಕೂಗುವ ಶಕ್ತಿಯೆಲ್ಲಿಯದು?

ಈ ಮಿತಿಯನ್ನು ಎರಡು ಘೋರ ದುರಂತಗಳು ಎತ್ತಿ ತೋರಿಸಿದುವು. ೧೮೭೮ರ ಸೆಪ್ಟೆಂಬರ್ ೩ರಂದು ವಿಹಾರಕ್ಕೆ ಹೋದವರನ್ನು ತುಂಬಿಕೊಂಡು ಲಂಡನ್ನಿಗೆ ಮರಳುತ್ತಿದ್ದ ಪ್ರಿನ್ಸೆಸ್ ಆಲಿಸ್ ಎಂಬ ಹಬೆಯ ಹಡಗು ಥೇಮ್ಸ್ ನದಿಯಲ್ಲಿ ಮತ್ತೊಂದು ಹಡಗಿಗೆ ಸಿಕ್ಕಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. ಸತ್ತವರು ೬೦೦ಕ್ಕೂ ಹೆಚ್ಚು. ೧೯೦೪ರ ಜೂನ್ ೧೫ರಂದು ನ್ಯೂಯಾರ್ಕಿನ ಈಸ್ಟ್ ನದಿಯಲ್ಲಿ ಜನರಲ್ ಸ್ಲೋಕಮ್ ಎಂಬ ಹಡಗಿಗೆ ಬೆಂಕಿ ತಗುಲಿ ಸಾವಿರಕ್ಕೂ ಮಿಕ್ಕಿ ಜನರು ಬೆಂದೋ ಮುಳುಗಿಯೋ ಸತ್ತರು. ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಹಡಗಿನಲ್ಲಿದ್ದ ತೇಲುಬೆಂಡುಗಳು ಹಳತಾಗಿ ಕೆಟ್ಟುಹೋಗಿದ್ದುವು. ಈಜು ಬಲ್ಲವರು ವಿರಳ. ಎರಡೂ ಕಡೆಗಳಲ್ಲಿ ದಡವು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದಿತು.

ಇವೆರಡರ ನಡುವಣ ಕಾಲದಲ್ಲಿ, ೧೮೯೧ರಲ್ಲಿ, ವಿಲಿಯಂ ಹೆನ್ರಿ ಮೊದಲಾದವರು ಲಂಡನ್ನಿನಲ್ಲಿ ಈಜುಗಾರರ ಪ್ರಾಣರಕ್ಷಕ ಸಂಘವನ್ನು ಸ್ಥಾಪಿಸಿದರು. ಮುಳುಗುವವನನ್ನು ಹಿಡಿಯುವ ಕ್ರಮ, ಅವನ ಹಿಡಿತದಿಂದ ಬಿಡಿಸಿಕೊಳ್ಳುವ ಕ್ರಮ, ದಡಕ್ಕೆ ತಂದು ಉಪಚರಿಸುವ ಕ್ರಮಗಳನ್ನು ಇವರು ಪಾಠದಂತೆ ಬೋಧಿಸಿ ಪರೀಕ್ಷೆಗಳನ್ನು ನಡೆಯಿಸಿದರು. ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಯೂ ೧೯೧೪ರಿಂದ ಇದೇ ಮಾರ್ಗವನ್ನು ಹಿಡಿಯಿತು. ಪಂದ್ಯದ ವಿನೋದವೆನಿಸಿದ್ದ ಈಜು ಈಗ ನಾಗರಿಕರ ಶಿಕ್ಷಣವೆನಿಸತೊಡಗಿತು.

ಆದರೆ ಪ್ರತಿಯೊಬ್ಬನೂ ಒಳ್ಳೆಯ ಈಜುಗಾರನಾಗುವುದು ಸಾಧ್ಯವೆ? ಇದಕ್ಕೆ ಉತ್ತರವನ್ನು ಕೊಟ್ಟವನು ಅಮೆರಿಕದ ಜಾರ್ಜಿಯಾ ಟೆಕ್ ವಿದ್ಯಾಲಯದ ಈಜುಶಿಕ್ಷಕನಾದ ಫ್ರೆಡ್ ಲಾನೂ. ೧೯೪೦ರ ದಶಕದಲ್ಲಿ ಆತನು ರೂಪಿಸಿದ ಪದ್ಧತಿಯಲ್ಲಿ ವೇಗಕ್ಕೆ ಬೆಲೆಯಿಲ್ಲ. ಮೈಯನ್ನು ಸಡಿಲಬಿಟ್ಟು, ಮುಖವನ್ನು ನೀರಿನಲ್ಲಿಟ್ಟು ತೇಲುತ್ತಿರುವುದು. ಉಸಿರು ಬೇಕಾದಾಗ ಮಾತ್ರ ಮೆಲ್ಲನೆ ತಲೆಯನ್ನೆತ್ತುವುದು. ಇಷ್ಟೇ ಅದರ ಸಾರ. ಮುಳುಗುವವನು ಸೋಲುವುದು ತಲೆಯನ್ನು ಸದಾ ಮೇಲಿಡಲು ಹೆಣಗಾಡಿ ದಣಿಯುವುದರಿಂದ ಎಂಬುದನ್ನು ಅವನು ಚೆನ್ನಾಗಿ ಅರಿತಿದ್ದನು. ಅವನ ಶಿಷ್ಯರು ಕೈಕಾಲುಗಳನ್ನು ಕಟ್ಟಿಸಿಕೊಂಡು ನೀರಿನಲ್ಲಿ ತೇಲಿ ತೋರಿಸಬೇಕಾಗಿತ್ತು. ಇದೇ ದೃಷ್ಟಿಯಿಂದ ಹಾಲೆಂಡಿನ ಮಕ್ಕಳು ಇಂದಿಗೂ ಉಟ್ಟ ಬಟ್ಟೆಯಲ್ಲಿಯೇ ಈಜಿ ತೋರಿಸಿದ ಹೊರತು ಪ್ರಮಾಣಪತ್ರವನ್ನು ಪಡೆಯಲಾರರು. ಕಾಲುವೆಗೆ ಬೀಳುವವನು ಉಡುಪನ್ನು ಬದಲಿಸಿಕೊಂಡು ಬೀಳುವುದಿಲ್ಲವಷ್ಟೆ.

ಇವೆಲ್ಲವೂ ಧನಿಕ ದೇಶಗಳ ಕಥೆಯಾಯಿತು. ಈಜುಕೊಳವಿಲ್ಲದ, ಸಂಬಳದ ಶಿಕ್ಷಕರಿಲ್ಲದ ಬಡ ಹಳ್ಳಿಗಳ ಗತಿಯೇನು? ಈ ವಿದ್ಯೆಯ ನಿಜವಾದ ಪರೀಕ್ಷೆಯು ನಡೆದುದು ಬಾಂಗ್ಲಾದೇಶದಲ್ಲಿ. ಆ ದೇಶದಲ್ಲಿ ೨೦೦೩ರಲ್ಲಿ ಮನೆಮನೆಗೂ ಹೋಗಿ ನಡೆಸಿದ ಗಣನೆಯಿಂದ ಒಂದು ಸಂಗತಿಯು ಹೊರಬಿದ್ದಿತು. ಒಂದು ವರ್ಷ ತುಂಬಿದ ಮಕ್ಕಳನ್ನು ಹೆಚ್ಚಾಗಿ ಕೊಲ್ಲುತ್ತಿದ್ದುದು ನೀರು. ವರ್ಷಕ್ಕೆ ಸುಮಾರು ೧೭,೦೦೦ ಮಕ್ಕಳು, ಎಂದರೆ ದಿನಕ್ಕೆ ನಾಲ್ವತ್ತಾರು ಮಂದಿ, ಮುಳುಗಿ ಸಾಯುತ್ತಿದ್ದರು. ಹೆಚ್ಚಿನವರು ಸತ್ತುದು ಮಹಾಪ್ರವಾಹದಲ್ಲಲ್ಲ. ಹಿತ್ತಿಲ ಹೊಂಡದಲ್ಲಿ, ಮನೆಯ ಮಗ್ಗುಲಿನ ಕೊಳದಲ್ಲಿ. ಅದೂ ಬೆಳಗಿನ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗಿನ ಹೊತ್ತಿನಲ್ಲಿ. ತಂದೆ ಹೊಲದಲ್ಲಿ, ತಾಯಿ ಒಲೆಯ ಮುಂದೆ, ಹಿರಿಯ ಮಕ್ಕಳು ಶಾಲೆಯಲ್ಲಿ ಇರುವ ಹೊತ್ತು ಅದು.

ಅಲ್ಲಿನ ಅಪಘಾತ ನಿವಾರಣ ಸಂಶೋಧನ ಕೇಂದ್ರವು ಯುನಿಸೆಫ್ ಮೊದಲಾದ ಸಂಸ್ಥೆಗಳ ನೆರವಿನಿಂದ ರಾಯ್‌ಗಂಜ್, ಶೇರ್‌ಪುರ್, ಮನೋಹರ್‌ದಿ ಎಂಬ ಮೂರು ಸೀಮೆಗಳಲ್ಲಿ ಎರಡು ಬಗೆಯ ಏರ್ಪಾಡುಗಳನ್ನು ಮಾಡಿತು. ತೀರ ಎಳೆಯ ಶಿಶುಗಳಿಗೆ ಈಜನ್ನು ಕಲಿಸಲಾಗದು. ಅವರಿಗೆ ಕಾವಲೇ ರಕ್ಷೆ. ಆದುದರಿಂದ ಊರಿನ ಹೆಂಗಸೊಬ್ಬಳ ಮನೆಯಲ್ಲಿ ಇಪ್ಪತ್ತೈದು ಮಕ್ಕಳನ್ನು ಆ ಅಪಾಯದ ನಾಲ್ಕು ಗಂಟೆಗಳ ಕಾಲ ಕೂಡಿಸಿ ನೋಡಿಕೊಳ್ಳುವ ಶಿಶುಗೃಹಗಳು ಏರ್ಪಟ್ಟುವು. ಅವುಗಳಿಗೆ ಇಟ್ಟ ಹೆಸರು 'ಅಂಚಲ'. ತಾಯಿಯ ಸೆರಗು ಎಂಬ ಅದರ ಅರ್ಥವನ್ನು ಕನ್ನಡಿಗರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಊರ ಕೊಳದಲ್ಲಿಯೇ ಬಿದಿರಿನ ಅಟ್ಟಣೆಯನ್ನು ಕಟ್ಟಿ ಆಳವನ್ನು ಮಿತಗೊಳಿಸಿ, ತರಬೇತಾದ ಹಳ್ಳಿಯ ಯುವಕ ಯುವತಿಯರು ಕಲಿಸಿದರು. ಇಪ್ಪತ್ತೈದು ಮೀಟರು ಈಜುವುದು, ಮೂವತ್ತು ಸೆಕೆಂಡು ತೇಲುವುದು, ಮುಳುಗುವವನಿಗೆ ತಾನು ನೀರಿಗೆ ಹಾರದೆ ಕೋಲನ್ನೋ ಬಟ್ಟೆಯನ್ನೋ ನೀಡಿ ಎಳೆಯುವುದು: ಇಷ್ಟು ಬಂದರೆ ಮಗುವು ತೇರ್ಗಡೆಯಾದಂತೆ. ಕಡೆಯ ಪಾಠದ ಮಹತ್ತ್ವವು ಸಾಮಾನ್ಯವಲ್ಲ. ಒಬ್ಬನನ್ನು ಉಳಿಸಲು ಹಾರಿ ಇಬ್ಬರೂ ಸತ್ತ ಪ್ರಸಂಗಗಳು ಯಾವ ದೇಶಕ್ಕೂ ಹೊಸವಲ್ಲ.

ಈಜು ಬಂದ ಮಕ್ಕಳು ಧೈರ್ಯಗೊಂಡು ನೀರಿಗೆ ಹೆಚ್ಚಾಗಿ ಹೋಗಿ ಹೆಚ್ಚಾಗಿಯೇ ಸಾಯಬಹುದೆಂಬ ಸಂದೇಹವು ಕೆಲವರಲ್ಲಿ ಇದ್ದಿತು. ಅದು ಕೇಂಬ್ರಿಜ್ಜಿನ ನಿಷೇಧದ ಹಿಂದಿದ್ದ ಭಯವೇ ಹೊಸ ವೇಷದಲ್ಲಿ ಬಂದುದೆನ್ನಬಹುದು. ೨೦೧೨ರಲ್ಲಿ ಪ್ರಕಟವಾದ ಫಲಿತಾಂಶವು ಅದಕ್ಕೆ ಉತ್ತರವನ್ನು ಕೊಟ್ಟಿತು. ಕಲಿತ ಮಕ್ಕಳನ್ನು ಕಲಿಯದ ಮಕ್ಕಳೊಡನೆ ಹೋಲಿಸಿದಾಗ ಮುಳುಗಿ ಸಾಯುವ ಸಂಭವವು ನೂರಕ್ಕೆ ತೊಂಬತ್ತಮೂರರಷ್ಟು ಕಡಮೆಯಾಗಿದ್ದಿತು. ಅಂಚಲದ ಶಿಶುಗಳಲ್ಲಿ ನೂರಕ್ಕೆ ಎಂಬತ್ತೆರಡರಷ್ಟು. ಒಂದು ಕೊಳ, ಕೆಲವು ಬಿದಿರುಗಳು, ಕೆಲವು ವಾರಗಳ ಪಾಠ: ಇವುಗಳಿಂದ ಆದ ಫಲವಿದು. ಮುಂದೆ ೨೦೨೧ರ ಏಪ್ರಿಲಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಮುಳುಗುಸಾವಿನ ನಿವಾರಣೆಯನ್ನು ಕುರಿತು ಮೊತ್ತಮೊದಲನೆಯ ನಿರ್ಣಯವನ್ನು ಅಂಗೀಕರಿಸಿ, ಪ್ರತಿವರ್ಷದ ಜುಲೈ ೨೫ನ್ನು ಅದಕ್ಕಾಗಿ ಮೀಸಲಿಟ್ಟಿತು. ಆ ನಿರ್ಣಯವನ್ನು ಮುಂದಿಟ್ಟವರಲ್ಲಿ ಬಾಂಗ್ಲಾದೇಶವು ಐರ್ಲೆಂಡಿನೊಡನೆ ಅಗ್ರಸ್ಥಾನದಲ್ಲಿದ್ದುದು ಉಚಿತವೇ ಆಗಿದೆ.

ಕನ್ನಡ ನಾಡಿಗೆ ಈ ವಿದ್ಯೆಯು ಪರಕೀಯವಲ್ಲ. ಒಣಗಿದ ಸೋರೆಬುರುಡೆಯನ್ನೋ ಬೆಂಡಿನ ಕಟ್ಟನ್ನೋ ಮಗುವಿನ ಬೆನ್ನಿಗೆ ಕಟ್ಟಿ, ನಡುವಿಗೆ ಹಗ್ಗವನ್ನು ಬಿಗಿದು, ಮೆಟ್ಟಿಲ ಬಾವಿಯಲ್ಲಿ ಇಳಿಬಿಡುತ್ತಿದ್ದ ಸೋದರಮಾವಂದಿರೂ ದೊಡ್ಡಪ್ಪಂದಿರೂ ಯಾವ ಸಂಘದ ಪ್ರಮಾಣಪತ್ರವನ್ನೂ ಪಡೆದವರಲ್ಲ. ನೀರಿಗಿಳಿಯದೆ ಈಜು ಬಾರದೆಂಬುದು ಅವರಿಗೆ ತಿಳಿದಿದ್ದಿತು. ಹಗ್ಗವಿಲ್ಲದೆ ಇಳಿಸಬಾರದೆಂಬುದೂ ತಿಳಿದಿದ್ದಿತು. ಆದರೆ ಆ ಪಾಠವು ಬಹುಮಟ್ಟಿಗೆ ಗಂಡುಮಕ್ಕಳಿಗೇ ಮೀಸಲಾಗಿದ್ದಿತು. ನೀರು ತರುವ, ಬಟ್ಟೆ ಒಗೆಯುವ ಕೆಲಸದಿಂದ ದಿನವೂ ಕೆರೆಯಂಚಿಗೆ ಹೋಗುತ್ತಿದ್ದ ಹೆಣ್ಣುಮಕ್ಕಳಿಗೆ ಅದು ದೊರೆಯಲಿಲ್ಲ. ನಲ್ಲಿಯ ನೀರು ಬಂದ ಮೇಲೆ ಬಾವಿಗಳು ಮುಚ್ಚಿದುವು. ಬಾವಿಯೊಡನೆ ಪಾಠವೂ ನಿಂತಿತು. ಅಪಾಯ ಮಾತ್ರ ನಿಲ್ಲಲಿಲ್ಲ. ಕೆರೆಗಳಿವೆ, ನಾಲೆಗಳಿವೆ; ೨೦೧೪ರಿಂದೀಚೆಗೆ ಒಣಭೂಮಿಯ ಹೊಲಗಳಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಹಾಸಿದ ಕೃಷಿಹೊಂಡಗಳೂ ಹೆಚ್ಚಿವೆ. ಆ ಜಾರುವ ಹಾಳೆಯ ಮೇಲೆ ಈಜು ಬಲ್ಲವನಿಗೂ ಕಾಲೂರಲು ಆಸರೆಯಿಲ್ಲ. ಸುತ್ತ ಬೇಲಿಯೂ ಅಂಚಿನಲ್ಲಿ ಗಂಟುಹಾಕಿದ ಹಗ್ಗವೂ ಇಲ್ಲದ ಹೊಂಡವು ಬಾಯ್ದೆರೆದ ಬಾವಿಗಿಂತ ಕ್ರೂರವಾದುದು.

ನಾನೂರು ವರ್ಷಗಳ ಈ ಚರಿತ್ರೆಯು ಕಲಿಸುವ ನೀತಿಯು ಸರಳವಾಗಿದೆ. ನಿಷೇಧವು ಮಕ್ಕಳನ್ನು ನೀರಿನಿಂದ ದೂರವಿಡಲಿಲ್ಲ. ಉಪಚಾರವು ಬಹುಮಂದಿಗೆ ತಡವಾಗಿ ಬಂದಿತು. ಎಳೆಯರಿಗೆ ಕಾವಲು, ಬೆಳೆದವರಿಗೆ ಕಲಿಕೆ ಎಂಬ ಎರಡು ಮಾತುಗಳು ಮಾತ್ರ ಪರೀಕ್ಷೆಯಲ್ಲಿ ಗೆದ್ದು ನಿಂತಿವೆ. ಅಕ್ಷರವನ್ನೂ ಲೆಕ್ಕವನ್ನೂ ಕಲಿಸದೆ ಮಗುವನ್ನು ಲೋಕಕ್ಕೆ ಕಳುಹಿಸಲು ಒಪ್ಪದ ಗೃಹಸ್ಥರು, ಮೂವತ್ತು ಸೆಕೆಂಡು ನೀರಿನ ಮೇಲೆ ತೇಲುವುದನ್ನು ಕಲಿಸದೆ ಅದನ್ನು ಕೆರೆಯ ದಾರಿಯಲ್ಲಿ ಕಳುಹಿಸುವುದು ಹೇಗೆ ಸರಿಯಾದೀತು? ಹಳೆಯ ಸೋರೆಬುರುಡೆಯು ಅಟ್ಟದ ಮೇಲೆ ಇಂದು ಇಲ್ಲದಿರಬಹುದು. ಹಗ್ಗವನ್ನು ಹಿಡಿಯುವ ಕೈಗಳು ಪ್ರತಿಯೊಂದು ಊರಿನಲ್ಲಿಯೂ ಇವೆ.