ಅಂಬೋನಿನ ನಡೆಯುವ ಮೀನು

ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಒಬ್ಬನೇ ಮನುಷ್ಯ ಮೂರು ಹೆಸರುಗಳಲ್ಲಿ ಎದುರಾಗುವುದು ಹೊಸತಲ್ಲ. ನಮ್ಮ ಗಡಿನಾಡಿನಲ್ಲಂತೂ ಶಾಲೆಯ ದಾಖಲೆಯ ನಾರಾಯಣ ರೇಷನ್ ಕಾರ್ಡಿನಲ್ಲಿ ನಾರಾಯಣನ್, ಪಾಸ್‌ಪುಸ್ತಕದಲ್ಲಿ ಬರಿಯ ಎನ್. ಆಗಿರುತ್ತಾನೆ. ಮೂವರೂ ಒಬ್ಬನೇ ಎಂಬ ಸರ್ಟಿಫಿಕೇಟಿಗಾಗಿ ಪಾಪ, ವಿಲ್ಲೇಜ್ ಆಫೀಸಿಗೆ ಅಲೆಯಬೇಕು. ಕಪ್ಪೆಮೀನುಗಳ ಚರಿತ್ರೆಯನ್ನು ಓದುತ್ತಿದ್ದಾಗ ನನಗೆ ಆ ಸರ್ಟಿಫಿಕೇಟು ನೆನಪಾಯಿತು.

ಇಂಗ್ಲಿಷಿನ ಹೆಸರನ್ನೇ ಕನ್ನಡಿಸಿ ಕಪ್ಪೆಮೀನು ಎನ್ನುತ್ತಿದ್ದೇನೆ. ಉಷ್ಣವಲಯದ ಕಡಲುಗಳಲ್ಲಿ, ಹವಳದ ದಿಬ್ಬಗಳ ನಡುವೆ ಇದರ ವಾಸ. ಮುಷ್ಟಿಯಂತೆ ಗುಂಡಗಿನ ಮೈ. ಈಜುವುದಕ್ಕಿಂತ ಈಜುರೆಕ್ಕೆಗಳನ್ನು ಕಾಲುಗಳಂತೆ ಊರಿ ನಡೆಯುವುದೇ ಹೆಚ್ಚು. ಬೆನ್ನಿನ ಮೊದಲ ಮುಳ್ಳು ಮೂತಿಯ ಮೇಲೆ ಗಾಳದ ಕೋಲಾಗಿ ಬೆಳೆದಿರುತ್ತದೆ. ಅದರ ತುದಿಯಲ್ಲಿ ಹುಳುವಿನಂತೆಯೋ ಸೀಗಡಿಯಂತೆಯೋ ಕಾಣುವ ಒಂದು ತುಣುಕು. ಅದನ್ನು ಆಡಿಸುತ್ತ ಅಲುಗದೆ ಕಾಯುತ್ತದೆ. ಹತ್ತಿರ ಬಂದ ಮೀನು ಬಾಯೊಳಗೆ ಮಾಯವಾಗಲು ಒಂದು ಸೆಕೆಂಡಿನ ನೂರನೆಯ ಒಂದು ಪಾಲೂ ಬೇಡ.

ಈ ಮೀನಿನ ಕುರಿತ ಹಳೆಯ ಬರಹಗಳಲ್ಲಿ ನನಗೆ ಬಹಳ ಹಿಡಿಸಿದ್ದು ಸ್ಯಾಮುಯೆಲ್ ಫಾಲೂರ್ಸ್ ಎಂಬವನದು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಆತ ಡಚ್ ಈಸ್ಟ್ ಇಂಡಿಯಾ ಕಂಪೆನಿಯ ಕೆಲಸದ ಮೇಲೆ ಅಂಬೋನ್ ದ್ವೀಪದಲ್ಲಿದ್ದ. ಇಂದಿನ ಇಂಡೋನೇಷ್ಯಾಕ್ಕೆ ಸೇರಿದ ಈ ದ್ವೀಪ ಆಗ ಲವಂಗಕ್ಕೆ ಹೆಸರಾಗಿತ್ತು. ಅಲ್ಲಿನ ಮೀನುಗಳನ್ನು ಆತ ಬಣ್ಣಬಣ್ಣವಾಗಿ ಚಿತ್ರಿಸಿದ. ದಡದಲ್ಲಿ ಸಿಕ್ಕಿದ ಒಂದು 'ನಡೆಯುವ ಮೀನ'ನ್ನು ಮೂರು ದಿನ ಮನೆಯಲ್ಲಿಟ್ಟುಕೊಂಡಿದ್ದೆ, ಅದು ನಾಯಿಮರಿಯಂತೆ ನನ್ನ ಹಿಂದೆಯೇ ಬರುತ್ತಿತ್ತು ಎಂದೂ ಹೇಳಿಕೊಂಡ. 1719ರಲ್ಲಿ ಲೂಯಿ ರೆನಾರ್ ಎಂಬ ಪ್ರಕಾಶಕ ಆಮ್‌ಸ್ಟರ್‌ಡ್ಯಾಮಿನಲ್ಲಿ ಈ ಚಿತ್ರಗಳನ್ನು ಅಚ್ಚು ಹಾಕಿಸಿದ. ಆದರೆ ಅದೇ ಪುಸ್ತಕದಲ್ಲಿ ಒಂದು ಮತ್ಸ್ಯಕನ್ಯೆಯ ಚಿತ್ರವೂ ಇತ್ತು! ನಂಬುವವರಾದರೂ ಹೇಗೆ ನಂಬಿಯಾರು?

ಮತ್ಸ್ಯಕನ್ಯೆ ಸುಳ್ಳು, ನಾಯಿಮರಿಯ ಮಾತು ಉತ್ಪ್ರೇಕ್ಷೆ. ನಡೆಯುವ ಮೀನು ಮಾತ್ರ ನಿಜ. ಲೆಕ್ಕದಲ್ಲಿ ಒಂದು ಕಡೆ ತಪ್ಪಿದ ಗುಮಾಸ್ತನ ಇಡೀ ಪುಸ್ತಕವನ್ನೇ ಸಂಶಯದಿಂದ ನೋಡುವ ಮೇಲಧಿಕಾರಿಗಳನ್ನು ನಾನು ಬಲ್ಲೆ. ಫಾಲೂರ್ಸನ ಮೇಲೆ ನನಗೆ ಕನಿಕರವಿರುವುದು ಅದಕ್ಕೇ.

ಪಂಡಿತರ ಕಷ್ಟ ಬೇರೆಯೇ ಆಗಿತ್ತು. 1758ರಲ್ಲಿ ಲಿನೇಯಸ್ ತೇಲುವ ಕಡಲಕಳೆಯಲ್ಲಿ ಬದುಕುವ ಒಂದು ಕಪ್ಪೆಮೀನಿಗೆ 'ಹಿಸ್ಟ್ರಿಯೊ' ಎಂದು ಹೆಸರಿಟ್ಟ. ಲ್ಯಾಟಿನಿನಲ್ಲಿ ಹಾಗೆಂದರೆ ನಟ. ಯಕ್ಷಗಾನ ಬಲ್ಲ ನಾವು ವೇಷಧಾರಿ ಎನ್ನಬಹುದು. ನಮ್ಮ ಕೋರಮಂಡಲ ತೀರದ ಒಂದು ಜಾತಿಗೆ 1801ರಲ್ಲಿ 'ಹಿಸ್ಪಿಡಸ್' ಎಂಬ ಹೆಸರು ಬಂತು. ಇವೆರಡೂ ಉಳಿದುಕೊಂಡ ಹೆಸರುಗಳು. ಎಷ್ಟೋ ಹೆಸರುಗಳು ಉಳಿಯಲಿಲ್ಲ. ಒಂದೇ ಜಾತಿಯ ಮೀನು ಒಂದೆಡೆ ಹಳದಿ, ಇನ್ನೊಂದೆಡೆ ಕಪ್ಪು, ಮತ್ತೊಂದೆಡೆ ಕೆಂಪು. ಸುತ್ತಲಿನ ಸ್ಪಂಜಿಗೆ ತಕ್ಕಂತೆ ಕೆಲವು ವಾರಗಳಲ್ಲಿ ಬಣ್ಣ ಬದಲಿಸುವುದೂ ಉಂಟು. ಕಂಡ ಬಣ್ಣಕ್ಕೊಂದು ಹೆಸರಿಡುತ್ತ ಹೋದ ಪಂಡಿತರು ನೂರಕ್ಕೂ ಮಿಕ್ಕಿದ ಜಾತಿಗಳನ್ನು ದಾಖಲಿಸಿಬಿಟ್ಟರು. 1987ರಲ್ಲಿ ಅಮೆರಿಕದ ಥಿಯೊಡೋರ್ ಪೀಟ್ಷ್ ಮತ್ತು ಡೇವಿಡ್ ಗ್ರೋಬೆಕರ್ ಇವೆಲ್ಲವನ್ನೂ ತಾಳೆ ನೋಡಿ 41 ಜಾತಿಗಳಿಗೆ ಇಳಿಸಿದರು. ನಾನು ಹೇಳಿದ ಸರ್ಟಿಫಿಕೇಟು ಅದೇ. ಫಾಲೂರ್ಸನ ಚಿತ್ರಗಳನ್ನು 1995ರಲ್ಲಿ ಮತ್ತೆ ಪ್ರಕಟಿಸಿ, ಅವುಗಳಲ್ಲಿ ಬಹುಪಾಲು ನಿಜವಾದ ಮೀನುಗಳವೇ ಎಂದು ತೋರಿಸಿದವರೂ ಇದೇ ಪೀಟ್ಷ್.

ಅಂಥವರಿಗೂ ಒಮ್ಮೆ ಕಣ್ಣು ತಪ್ಪಿತು. 1992ರಲ್ಲಿ ಬಾಲಿಯ ಕಡೆಯಿಂದ ಬಂದ ಕಪ್ಪೆಮೀನೊಂದು ಅವರ ಕೈ ಸೇರಿತ್ತು. ಸಂರಕ್ಷಕ ದ್ರವದಲ್ಲಿ ಬಣ್ಣ ಬಿಟ್ಟು ಬಿಳುಚಿಕೊಂಡಿದ್ದ ಅದನ್ನು ಅವರು ಹಳೆಯ ಜಾತಿಯೊಂದಕ್ಕೇ ಸೇರಿಸಿದರು. 2008ರ ಜನವರಿಯಲ್ಲಿ ಮುಳುಗುಗಾರರು ಅದೇ ಬಗೆಯ ಮೀನನ್ನು ಜೀವಂತವಾಗಿ ಕಂಡರು: ಮೈತುಂಬ ಸುಳಿಸುಳಿಯಾದ ಬಿಳಿಯ ಗೆರೆಗಳು, ಚಪ್ಪಟೆ ಮುಖ, ನಮ್ಮಂತೆ ಮುಂದಕ್ಕೆ ನೋಡುವ ಕಣ್ಣುಗಳು, ಗಾಳದ ಸುಳಿವಿಲ್ಲ. 2009ರಲ್ಲಿ ಪೀಟ್ಷ್ ಮತ್ತು ಸಂಗಡಿಗರು ಅದನ್ನು 'ಸೈಕಡೆಲಿಕಾ' ಎಂಬ ಹೊಸ ಜಾತಿಯೆಂದು ಪ್ರಕಟಿಸಿದರು.

ಆ ಮುಳುಗುಗಾರರು ಅದನ್ನು ಕಂಡದ್ದು ಅಂಬೋನಿನ ದಡದ ಹತ್ತಿರದಲ್ಲೇ.