ಮನಿ ಹೊತ್ಕೊಂಡು ತಿರುಗಿದ ಜೋಡಿಗೋಳು

ಅಮೆರಿಕಾದಾಗ ಈಗ ಒಂದು ನಮೂನಿ ಸಂಸಾರ ಐತಿ. ಇದ್ದ ಮನಿ ಮಾರಿ ಬಸ್ಸಿನಷ್ಟು ದೊಡ್ಡ ಗಾಡಿ ತೊಗೋತಾರ. ಒಳಗ ಒಲಿ, ಹಾಸಿಗಿ, ಬಚ್ಚಲಾ ಎಲ್ಲಾ ಇರ್ತಾವ. ಗಂಡ ಹೆಂಡ್ತಿ ಇಬ್ರ, ಜೋಡಿಗೆ ಎರಡು ಸಣ್ಣ ನಾಯಿ. ವರ್ಷಾನುಗಟ್ಟಲೆ ಊರೂರು ಅಡ್ಡಾಡ್ತಾರ. ಆರ್‌ವಿ ಅಂತಾರ ಅದಕ್ಕ. ಮೊಬೈಲ್‌ನಾಗ ನೋಡಿ ನಮ್ಮ ಓಣಿ ಹೆಣ್ಮಕ್ಕಳು "ಎಂಥಾ ಹೊಸಾ ಚಾಳಿ ಇದು" ಅಂತ ನಕ್ಕಿದ್ದ ನಕ್ಕಿದ್ದು. ನನಗ ಮಾತ್ರ ಹೊಸಾದು ಅನ್ನಿಸಲಿಲ್ಲ. ನಮ್ಮ ಕದರಮಂಡಲಗಿ ಹೊಲದಾಗ ಸುಗ್ಗಿ ಮುಗದ ಮ್ಯಾಲ ಬಂದು ಇಳಿಯೋರು ಯಾರು ಮತ್ತ? ಗಂಡ, ಹೆಂಡ್ತಿ, ಕುರಿ, ಕುದುರಿ, ನಾಯಿ.

ಬೆಳಗಾವಿ, ಬಾಗಲಕೋಟಿ ಕಡಿಂದ ಕುರಿಗಾರ್ರು ಮೇವು ಹುಡುಕ್ಕೊಂಡು ನಮ್ಮ ಎರಿ ಸೀಮಿಗೆ ಇಳೀತಾರ. ಮೆಣಸಿನಕಾಯಿ, ಜ್ವಾಳ, ಹತ್ತಿ ಕಿತ್ತ ಹೊಲದಾಗ ರಾತ್ರಿ ಕುರಿ ನಿಲ್ಲಿಸಿದ್ರ ಹೊಲಕ್ಕ ಗೊಬ್ಬರ, ಅವರಿಗೆ ಕಾಳು ಇಲ್ಲಾ ರೊಕ್ಕ. ಈ ಲೆಕ್ಕಾ ಮಾತಾಡೋರು ಗಂಡಸ್ರು. ಆದ್ರ ಮನಿ ಇಳಸೋದು, ಮನಿ ಎತ್ತೋದು ಪೂರಾ ಹೆಣ್ಮಗಳ ಪಾಲಿಂದು. ಒಂದು ತಟ್ಟು ಕುದುರಿ ಬೆನ್ನ ಮ್ಯಾಲ ಆಕಿ ಇಡೀ ಅಡಗಿಮನಿ ಹೊಂದಸ್ತಾಳ. ಕಂಬಳಿ, ಬಲಿ, ಹಂಚು, ಕೊಡ, ಹಿಟ್ಟಿನ ಚೀಲ, ಅದರ ಮ್ಯಾಲ ಆಗಷ್ಟ ಹುಟ್ಟಿದ ಕುರಿಮರಿ, ಒಂದೆರಡು ಕೋಳಿ, ಕಣ್ಣು ಬಿಡದ ನಾಯಿಕುನ್ನಿ, ತುದಿಗೆ ತನ್ನ ಕೂಸು. ಕಟ್ಟಿದ್ದು ಒಂದೂ ಜಾರೂದಿಲ್ಲ. ನಮ್ಮ ಕಪಾಟಿನಾಗ ಒಂದು ಡಬ್ಬಿ ತಗದ್ರ ನಾಕು ಬೀಳ್ತಾವ!

ದೊಡ್ಡ ನಾಯಿ ತೋಳಕ್ಕ ಕಾವಲಾ. ಸಣ್ಣ ಕುನ್ನಿ ಮಾತ್ರ ನಡದು ಬರಾಕ ಆಗೂದಿಲ್ಲಂತ ಸವಾರಿ. ಮುಧೋಳ ನಾಯಿ ಅಂತ ದೊಡ್ಡ ಹೆಸರಾಗೇತಲ್ಲ, 2005ರಾಗ ಅದರದು ಅಂಚೆಚೀಟಿನೂ ಬಂತು. ಅರಸರ ಬ್ಯಾಟಿ ನಾಯಿ ಅಂತ ಎಲ್ಲಾರೂ ಬರೀತಾರ. ಕುರಿಗಾರ್ರ ಹಟ್ಟಿಯೊಳಗ ಆ ಕಡೆ ನಾಯಿ ಸಾಕಿದ ಹೆಣ್ಮಕ್ಕಳ ಸುದ್ದಿ ಯಾರೂ ಬರಿಯೂದಿಲ್ಲ.

ದೇವರನ್ನ ನೋಡ್ರಿ. ನಮ್ಮ ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದ ಮಾಲತೇಶ, ಹೊಳಿ ಆಚೆ ಮೈಲಾರದ ಮೈಲಾರಲಿಂಗ. ಆತ ಕುದುರಿ ಮ್ಯಾಲ, ಜೋಡಿ ಗಂಗಿಮಾಳವ್ವ, ಸಂಗಾಟ ನಾಯಿ. ಕರಿ ಕಂಬಳಿ ಹೊದ್ದ ಗೊರವಪ್ಪಗೋಳು ತಾವ ದೇವರ ನಾಯಿ ಅಂತ ಬೊಗಳಿ, ದೋಣಿಯೊಳಗಿನ ಹಾಲು ಬಾಳಿಹಣ್ಣು ಬಾಯಿಲೆ ತಿನ್ನೂದು ನೀವೆಲ್ಲಾ ಕಂಡದ್ದ. ತಿರುಗೂ ಸಂಸಾರ ನಮಗ ಹೊಲಸು ಅನ್ನಿಸಿದ್ರ ಅಂಥಾ ಸಂಸಾರದ ದೇವರಿಗೆ ಭಾರತ ಹುಣ್ಣಿವಿಗೆ ಬಂಡಿ ಕಟ್ಕೊಂಡು ಯಾಕ ಹೋಗ್ತಿದ್ವಿ? ಹಳೇ ಮಂದಿ ಸವಾರಿ ಬಂಡಿಗೆ ತಟ್ಟಿ ಕಟ್ಟಿ, ರೊಟ್ಟಿ ಬುತ್ತಿ ಹೇರಿ, ದಾರ್ಯಾಗ ಮೂರು ಕಲ್ಲಿಟ್ಟು ಒಲಿ ಹೂಡಿ, ಬಂಡಿ ಬುಡಕ ಮಲಗಿ ಹೋಗಿ ಬರ್ತಿದ್ರು. ಶ್ರಾವಣ ಶನಿವಾರ ನಮ್ಮ ಕಾಂತೇಶ, ಸಾತೇನಹಳ್ಳಿ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಮೂವರನ್ನೂ ಒಂದ ದಿನದಾಗ ನೋಡಿ ಬರೂದು ಈಗ ಕಾರಿನಾಗ ಆಗ್ತೈತಿ. ಎತ್ತಿನ ಕಾಲಕ್ಕ ಅದೆಂಥಾ ಹಟ ಇದ್ದೀತು ಲೆಕ್ಕ ಹಾಕ್ರಿ.

ಆದ್ರ ನಾವು ಹೋಗಿ ಬರೋರು. ಇಡೀ ಜಲ್ಮ ದಾರ್ಯಾಗ ತಗದೋರು ಲಂಬಾಣಿ ಮಂದಿ. 1632ರಾಗ ಪೀಟರ್ ಮಂಡಿ ಅನ್ನೋ ಇಂಗ್ಲಿಷಿನವ ಉತ್ತರದ ಕಡೆ ಒಂದು ತಾಂಡಾ ಎದುರಾತು ಅಂತ ಬರದಿಟ್ಟಾನ. ಒಂದ ತಾಂಡಾದಾಗ 14,000 ಎತ್ತು, ಎಲ್ಲಾದರ ಬೆನ್ನ ಮ್ಯಾಲ ಕಾಳು! ಹೆಂಡ್ರು ಮಕ್ಕಳು ಸಂಗಾಟನ. ಹೇರಾಕ, ಇಳಸಾಕ ಹೆಣ್ಮಕ್ಕಳು ಗಂಡಸರ ಸರಿಸಮ. ಕಾವಲಿಗೆ ನಾಯಿ. ಕಾಳು, ಉಪ್ಪು ಊರಿಂದ ಊರಿಗೆ ಮುಟ್ಟಿದ್ದು ಇವರ ಎತ್ತಿನ ಬೆನ್ನ ಮ್ಯಾಲ. ದಂಡು ಬಂದ್ರೂ ಉಣ್ಣಾಕ ಇವರ ತರಬೇಕು. 1800ರ ಜೂನ್ ತಿಂಗಳದಾಗ ಆರ್ಥರ್ ವೆಲ್ಲೆಸ್ಲಿ ಧೋಂಡಿಯಾ ವಾಘನ ಬೆನ್ನು ಹತ್ತಿ ಹರಿಹರದ ಕಡಿಂದ ಹೊಳಿ ದಾಟಿ ರಾಣೇಬೆನ್ನೂರು ಕೋಟಿ ಹಿಡದ. ಅವನ ಕಾಗದಗೋಳ ತುಂಬ ಎತ್ತಿಂದು ಮತ್ತ ಈ 'ಬ್ರಿಂಜಾರಿ'ಗಳದ್ದ ಚಿಂತಿ. ಮುಂದ ನೆಪೋಲಿಯನ್‌ನ ಸೋಲಿಸಿ ಹೆಸರು ಮಾಡಿದ್ದು ಇದ ಮನಶ್ಯಾ. ಆ ಹೊತ್ತಿಗೆ ಅವನ ದಂಡಿನ ಹೊಟ್ಟಿ ಮಾತ್ರ ಲಂಬಾಣಿ ಎತ್ತಿನ ಬೆನ್ನ ಮ್ಯಾಲ ಇತ್ತು.

ಆಮ್ಯಾಲ ಬಂಡಿ ರಸ್ತಾ ಆದ್ವು. ಧಾರವಾಡ ಸೀಮಿ ಹತ್ತಿ ಚಕ್ಕಡಿ ಹತ್ತಿ ಘಟ್ಟ ಇಳದು ಕುಮಟಾ ಬಂದರಕ್ಕ ಹೋಗಿ, ವಿಲಾಯತಿಯೊಳಗ 'ಕುಮಟಾ ಹತ್ತಿ' ಅಂತ ಹೆಸರು ಪಡೀತು. 1880ರ ದಶಕದಾಗ ಸದರ್ನ್ ಮರಾಠಾ ರೈಲು ಬಂತು. ಹೇರೆತ್ತಿನ ಕಸುಬು ಅಲ್ಲಿಗೆ ಮುರೀತು.

ಇಲ್ಲಿ ನನಗ ಸಿಟ್ಟು ಬರೋ ವಿಷಯ ಐತಿ. 1885ರಾಗ ಬ್ರಿಟನ್ನಿನ ಗೋರ್ಡನ್ ಸ್ಟೇಬಲ್ಸ್ ಅನ್ನೋ ಡಾಕ್ಟರ್ ಕುದುರಿ ಜಗ್ಗೋ ಒಂದು ಮನಿಬಂಡಿ ಮಾಡಿಸಿದ. ಹೆಸರು 'ವಾಂಡರರ್', ಅಂದ್ರ ಅಲೆಮಾರಿ. ತಾನು, ಆಳುಮಂದಿ, ದೊಡ್ಡದೊಂದು ನಾಯಿ, ಒಂದು ಗಿಳಿ ಜಾತಿ ಹಕ್ಕಿ. ಮೋಜಿಗಂತ ತಿರುಗಿದ, ಪುಸ್ತಕ ಬರದ, ಜನ ಮೆಚ್ಚಿದ್ರು. ಈಗಿನ ಆರ್‌ವಿಗಳ ಮುತ್ತಜ್ಜ ಅದು. ಅದ ಸರಕಾರ ನಮ್ಮ ದೇಶದಾಗ 1871ರಾಗ ಅಪರಾಧಿ ಬುಡಕಟ್ಟು ಕಾಯ್ದೆ ಮಾಡಿತ್ತು. ಮೊದಲ ಉತ್ತರದ ಕಡೆ, 1911ರ ಹೊಸ ಕಾಯ್ದೆಯಿಂದ ನಮ್ಮ ಮುಂಬೈ ಇಲಾಖೆಕ್ಕೂ ಹಬ್ಬಿತು. ಬ್ರಿಟನ್ನಿನವ ತಿರುಗಿದ್ರ ಹವ್ಯಾಸ, ನಮ್ಮವರು ತಿರುಗಿದ್ರ ಗುನ್ಹೆ! ಹುಬ್ಬಳ್ಳಿ, ಗದಗದಾಗ ಸೆಟ್ಲಮೆಂಟ್ ಅಂತ ಬೇಲಿ ಹಾಕಿ ಕುಟುಂಬ ಕುಟುಂಬಾನ ಕೂಡಿ ಹಾಕಿದ್ರು. ಹಾಜರಿ ಕೊಡಬೇಕು, ಹೊರಗ ಹೋಗಾಕ ಪಾಸು ಬೇಕು. ಇನ್ನೂ ಹುಟ್ಟದ ಕೂಸಿಗೂ ಕಳ್ಳ ಅನ್ನೋ ಹೆಸರು ಮೊದಲ ಕಾದಿರ್ತಿತ್ತು. ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮ್ಯಾಲ, 1952ರಾಗ ಆ ಕಾಯ್ದೆ ಹೋತು. ಕಾಯ್ದೆ ಹೋದ್ರೂ ನಮ್ಮ ಬಾಯಾಗಿನ ಮಾತು ಹೋಗಿಲ್ಲ. ಊರ ಹೊರಗ ಗುಡಾರ ಬಿದ್ವು ಅಂದ್ರ ಇವತ್ತಿಗೂ "ಬಾಗಲಾ ಹಾಕ್ಕೊಳ್ರೇ" ಅನ್ನೋರು ಅದೀವಿ.

ಮತ್ತೊಂದು ಜೋಡಿ ಸಂಸಾರ ಐತಿ, ಅದನ್ನ ಹೇಳದ ಬಿಟ್ರ ತಪ್ಪಾಗ್ತೈತಿ. ಕಬ್ಬು ಕಡಿಯೋರದು. ವಿಜಯಪುರ, ಕಲಬುರಗಿ ಕಡೆ ತಾಂಡಾಗಳಿಂದ ಮಹಾರಾಷ್ಟ್ರಕ್ಕ ಹೋಗ್ತಾರ. ಅಲ್ಲಿ ಗಂಡ ಹೆಂಡ್ತಿ ಕೂಡಿ ಒಂದು 'ಕೊಯ್ತಾ', ಅಂದ್ರ ಒಂದು ಕುಡಗೋಲು ಅಂತ ಲೆಕ್ಕ. ಮುಂಗಡ ಕೊಡೂದೂ ಜೋಡಿಗೆ. ತಿಂಗಳಾನುಗಟ್ಟಲೆ ಹೊಲದ ಬಾಜೂ ಗುಡಾರ, ಬೆಳಕು ಹರಿಯೂಕಿಂತ ಮೊದಲ ಕಬ್ಬು. ಆಕಿ ಬಸುರಿದ್ರೂ ಅಷ್ಟ, ಮುಟ್ಟಾದ್ರೂ ಅಷ್ಟ. ಬಿಟ್ಟ ದಿನಕ್ಕ ದಂಡ. 2019ರಾಗ ಅಲ್ಲಿ ಬೀಡ್ ಜಿಲ್ಲಾದಾಗ ಸರಕಾರದ ಸಮಿತಿ 82 ಸಾವಿರಕ್ಕೂ ಹೆಚ್ಚು ಕಬ್ಬಿನ ಕೆಲಸದ ಹೆಣ್ಮಕ್ಕಳನ್ನ ವಿಚಾರಿಸಿದಾಗ 13 ಸಾವಿರಕ್ಕೂ ಮಿಕ್ಕಿ ಮಂದಿಗೆ ಗರ್ಭಚೀಲ ತಗದಿದ್ರು. ಬಚ್ಚಲಾ ಇಲ್ಲದ, ರಜಾ ಇಲ್ಲದ ತಿರುಗಾಟ ಅಂದ್ರ ಹೆಂಗಸಿನ ಮೈಯಿಂದ ಏನು ಕೀಳ್ತೈತಿ ಅನ್ನೂದು ಇದರಾಗ ಐತಿ. ಆರ್‌ವಿಯೊಳಗಿನ ಅಮೆರಿಕಾದ ಬಾಯಿಗೆ ಮನಸಿಗೆ ಬಂದಲ್ಲಿ ನಿಲ್ಲಾಕ ಬರ್ತೈತಿ. ಈಕಿಗೆ ಮುಂಗಡ ತೀರೂತನಕ ಬರೂದಿಲ್ಲ. ತಿರುಗೂದಕ್ಕ ನಾ ಎಂದೂ ಬ್ಯಾಡ ಅನ್ನಾಕಿ ಅಲ್ಲ. ಯಾವಾಗ ನಿಲ್ಲಬೇಕು ಅಂತ ಯಾರು ಹೇಳ್ತಾರ ಅನ್ನೂದನ್ನ ನೋಡಬೇಕು ನೋಡ್ರಿ.

ಅದಕ್ಕ 2023ರ ಜನವರಿಯೊಳಗ ಕಲಬುರಗಿ ಜಿಲ್ಲಾ ಮಳಖೇಡದಾಗ ತಾಂಡಾದ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಕ್ಕ ಹಕ್ಕುಪತ್ರ ಕೊಟ್ಟಾಗ ನನಗ ವಿಚಿತ್ರ ಅನ್ನಿಸ್ತು. ಮನಿ ಇದ್ದೋರು ಮಾರಿ ಗಾಲಿ ಮ್ಯಾಲ ಹತ್ತಾಕ ಹತ್ಯಾರ. ತಲಿತಲಾಂತರ ನಡದೋರಿಗೆ ತಮ್ಮ ಹೆಸರಿನ ಒಂದು ಚೂರು ಜಾಗಾ ಇಷ್ಟು ವರ್ಷಕ್ಕ ಕಾಗದದಾಗ ಬಂತು.

ಕುರಿಗಾರ್ರೂ ಬದಲಾಗ್ಯಾರ. ರಸ್ತಾ ದೊಡ್ಡವಾಗಿ, ಲಾರಿ ಹೆಚ್ಚಾಗಿ, ಕುದುರಿ ಜೋಡಿ ರಸ್ತೆಗುಂಟ ನಡಿಯೂದು ಜೀವಕ್ಕ ಅಪಾಯ. ಈಗೀಗ ಕೆಲವರು ಸಣ್ಣ ಟೆಂಪೋ ಇಟ್ಟಾರ. ಗಂಡಸ್ರು ಕುರಿ ಹೊಡಕೊಂಡು ಹೊಲದಗುಂಟ ಬರ್ತಾರ, ಟೆಂಪೋ ಮುಂದ ಬಂದು ಜಾಗಾ ಹಿಡೀತೈತಿ. ಹಿಂದ ತಾಡಪಾಲ, ಪ್ಲಾಸ್ಟಿಕ್ ಕೊಡ, ಗ್ಯಾಸಿನ ಸಣ್ಣ ಸಿಲಿಂಡರ್, ಮೊಬೈಲ್ ಚಾರ್ಜಿಗೆ ಒಂದು ಸೋಲಾರ್ ಹಲಗಿ. ಅವುಗಳ ನಡಕ ಹೆಣ್ಮಗಳು ಕುರಿಮರಿ ತೊಡಿ ಮ್ಯಾಲ ಹಾಕ್ಕೊಂಡು ಕುಂತಿರ್ತಾಳ. ಬುಟ್ಟಿಯಿಂದ ಎರಡು ಕುನ್ನಿ ಮಾರಿ ಹೊರಗ ಹಾಕಿ ನಮ್ಮ ಓಣಿ ನಾಯಿಗೋಳನ್ನ ಬೊಗಳ್ತಿರ್ತಾವ.